ಸುರಕ್ಷಿತ ರಸ್ತೆಗೆ, ಬಡಾವಣೆಯ ಸೈಕಲ್ ದಾರಿಗೆ ಪಾಲಿಕೆಯ ಹಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಿವಾಸಿ ಸಂಘಗಳು, ಶಾಲಾ ಪೋಷಕರು ಮತ್ತು ದಿನವೂ ಸೈಕಲ್ ತುಳಿಯುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ರಾಜ್ಯದ ಬೇರೆ ಊರುಗಳ ಬಗ್ಗೆ ಒಂದು ಪ್ರಶ್ನೆ ಕೊನೆಯ ಕಡೆಗೆ ಇದೆ.

ಪಾಲಿಕೆಯ ಬಜೆಟ್‌ನಲ್ಲಿ ಸೈಕಲ್ ದಾರಿಗೆಂದೇ ಹಣ ಇರುತ್ತದೆಯೇ?

ಕೆಲವು ವರ್ಷ ಘೋಷಣೆಯಾಗುತ್ತದೆ, ಎಷ್ಟೋ ವರ್ಷ ಇರುವುದೇ ಇಲ್ಲ. ಅದಕ್ಕಾಗಿ ಕಾಯುತ್ತ ಕೂರಬೇಡಿ. ತಪ್ಪದೆ ಪ್ರತಿ ವರ್ಷ ಬರುವ ಹಣ ಬೇರೆ ಇದೆ: ರಸ್ತೆ ಅಭಿವೃದ್ಧಿ, ಡಾಂಬರೀಕರಣ, ಚರಂಡಿ ಮತ್ತು ಫುಟ್‌ಪಾತ್ ದುರಸ್ತಿ, ಬೀದಿದೀಪ. ನಿಮ್ಮ ರಸ್ತೆಗೆ ಡಾಂಬರು ಬೀಳುವ ವರ್ಷ ಅದೇ ಕಾಮಗಾರಿಯ ಅಂದಾಜುಪಟ್ಟಿಯೊಳಗೆ ಎತ್ತರಿಸಿದ ಕ್ರಾಸಿಂಗ್ (ಜನ ದಾಟುವ ಜಾಗವನ್ನು ರಸ್ತೆಮಟ್ಟಕ್ಕಿಂತ ಏರಿಸಿದ್ದು), ಕರ್ಬ್ ಕಲ್ಲು (ರಸ್ತೆಯ ಅಂಚಿನ ಕಟ್ಟೆಕಲ್ಲು), ಬಿಳಿಪಟ್ಟೆ, ಫಲಕಗಳನ್ನು ಸೇರಿಸಿಕೊಂಡರೆ ಬೇರೆ ಟೆಂಡರ್ ಬೇಕಾಗುವುದಿಲ್ಲ. ಆ ವರ್ಷ ಕೈತಪ್ಪಿದರೆ ಮತ್ತೆ ಡಾಂಬರು ಬೀಳುವವರೆಗೆ ಕಾಯಬೇಕು. ಈ ಪುಟದ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ. ಅಂದಾಜುಪಟ್ಟಿಯಲ್ಲಿ ಸಾಲಾಗಿ ಬರೆಯದ ಯಾವುದನ್ನೂ ಗುತ್ತಿಗೆದಾರ ಕಟ್ಟುವುದಿಲ್ಲ, ಎಂಜಿನಿಯರ್ ಮನಸ್ಸು ಮಾಡಿದರೂ ಅದಕ್ಕೆ ಬಿಲ್ ಆಗುವುದಿಲ್ಲ.

ಬೇರೆ ಮೂಲಗಳು ಯಾವುವು?

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದು 5 ಕೋಟಿ. ಇವು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮಾತ್ರ. ಶಾಲೆಯ ಮುಂದಿನ ಫುಟ್‌ಪಾತ್, ಕ್ರಾಸಿಂಗ್, ದೀಪ ಕೇಳಿ. ಪಟ್ಟೆಗೆ ಮತ್ತೆ ಬಣ್ಣ ಬಳಿಯುವಂಥ ನಿರ್ವಹಣೆಯನ್ನು ಇಲ್ಲಿ ಕೇಳಿದರೆ ಅರ್ಜಿ ವಾಪಸ್ ಬರುತ್ತದೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ರಸ್ತೆಯ ದೂಳು ತಗ್ಗಿಸುವ ಕೆಲಸ ಇದರ ವ್ಯಾಪ್ತಿಯದು. ಮಣ್ಣಿನ ಅಂಚಿಗೆ ನೆಲಹಾಸು ಹಾಕಿ ಫುಟ್‌ಪಾತ್ ಮಾಡಬೇಕೆಂಬ ಬೇಡಿಕೆಯನ್ನು ಈ ದಾರಿಯಲ್ಲಿ ಮಂಡಿಸಬಹುದು. ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಕಾಯ್ದೆ, 2017ರ ಅಡಿಯಲ್ಲಿ ರಸ್ತೆ ಸುರಕ್ಷತಾ ನಿಧಿ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಬರೆದರೆ, ಅಪಘಾತದ ದಾಖಲೆ ಇರುವ ಜಾಗದ ಬಗ್ಗೆ ಅಲ್ಲಿ ಚರ್ಚೆಯಾಗುತ್ತದೆ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಸಿಎಸ್‌ಆರ್ ಹಣವನ್ನು ಸಮೀಕ್ಷೆಗೆ, ನಕ್ಷೆ ಮಾಡಿಸುವುದಕ್ಕೆ, ಸೈಕಲ್ ಸ್ಟ್ಯಾಂಡಿಗೆ ಬಳಸಿ. ರಸ್ತೆಯ ಮೈಮೇಲಿನ ಕೆಲಸಕ್ಕೆ ಬಳಸಿದರೆ ಮುಂದೆ ದುರಸ್ತಿ ಯಾರದು ಎಂಬ ಜಗಳ ಹುಟ್ಟುತ್ತದೆ. ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿದಿದೆ, ಹೊಸ ಮನವಿಯಲ್ಲಿ ಅದರ ಹೆಸರು ಬೇಡ.

ನಮ್ಮ ರಸ್ತೆ ಯಾರ ಸುಪರ್ದಿಯದು ಎಂದು ತಿಳಿಯುವುದು ಹೇಗೆ?

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅವುಗಳ ಮೇಲೆ ಮುಖ್ಯಮಂತ್ರಿ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬಡಾವಣೆಯ ಒಳಗಿನ ಮೇನ್, ಕ್ರಾಸ್ ರಸ್ತೆಗಳಿಗೆ ವಾರ್ಡ್ ಎಂಜಿನಿಯರ್‌ನನ್ನೇ ಮೊದಲು ಕಾಣಬೇಕು. ದೊಡ್ಡ ರಸ್ತೆಗಳನ್ನು ಬೇರೆ ವಿಭಾಗ ನೋಡಿಕೊಳ್ಳುತ್ತದೆ. ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ ಅಥವಾ ಹೆದ್ದಾರಿ ಪ್ರಾಧಿಕಾರ. ಸೈಕಲ್ ದಾರಿಯೊಂದು ದೊಡ್ಡ ರಸ್ತೆಯನ್ನು ದಾಟುವಲ್ಲಿ ಇಬ್ಬರು ಮಾಲೀಕರು ಸೇರುತ್ತಾರೆ, ಬಹುಪಾಲು ಯೋಜನೆಗಳು ಅಲ್ಲೇ ನಿಂತುಹೋಗುತ್ತವೆ. ಅದಕ್ಕೇ ದಾಟುವ ಜಾಗಕ್ಕೆ ಪ್ರತ್ಯೇಕ ಮನವಿ ಬರೆದು ಎರಡೂ ಕಚೇರಿಗೆ ಕೊಡಿ, ಒಂದರ ಪ್ರತಿ ಇನ್ನೊಂದರಲ್ಲಿ ಲಗತ್ತಿಸಿ. ವೇಗಮಿತಿ ಮತ್ತು ನೋ ಪಾರ್ಕಿಂಗ್ ಆದೇಶ ಸಂಚಾರ ಪೊಲೀಸರ ಕಡೆಯಿಂದ ಆಗಬೇಕಾದ ಕೆಲಸ, ಪಾಲಿಕೆ ಬರೇ ಕಂಬ ನೆಟ್ಟರೆ ದಂಡ ಹಾಕಲಾಗುವುದಿಲ್ಲ.

ಯಾವ ತಿಂಗಳಲ್ಲಿ ಕೇಳಬೇಕು?

ಆರ್ಥಿಕ ವರ್ಷ ಏಪ್ರಿಲ್‌ಗೆ ಶುರು. ವಾರ್ಡಿನ ಕಾಮಗಾರಿ ಪಟ್ಟಿ ತಯಾರಾಗುವುದು ಚಳಿಗಾಲದಲ್ಲಿ. ದಸರಾ ಮುಗಿಯುತ್ತಿದ್ದಂತೆ ರಸ್ತೆಯಲ್ಲಿ ಹೋಗುವ ಜನ, ವಾಹನಗಳ ಎಣಿಕೆ ಮಾಡಿ, ನವೆಂಬರ್‌ನಲ್ಲಿ ಎಂಜಿನಿಯರ್ ಜೊತೆ ರಸ್ತೆಯಲ್ಲಿ ನಡೆದು, ಡಿಸೆಂಬರ್ ಒಳಗೆ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಜೆಟ್ ಮಂಡನೆಯಾದ ಮೇಲೆ ಹೋದರೆ “ಮುಂದಿನ ವರ್ಷ ನೋಡೋಣ” ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಮಳೆಗಾಲದಲ್ಲಿ ಡಾಂಬರು ಹಾಕುವುದಿಲ್ಲವಾದ್ದರಿಂದ ನಿಜವಾದ ಕೆಲಸ ನಡೆಯುವುದು ಸಾಮಾನ್ಯವಾಗಿ ನವೆಂಬರ್‌ನಿಂದ ಮೇ ಒಳಗೆ.

ಮನವಿಯಲ್ಲಿ ಏನೇನಿರಬೇಕು?

ಎರಡು ಪುಟ ಸಾಕು. ಒಂದು ನಕ್ಷೆ, ಒಂದು ಎಣಿಕೆ, ವೇಗದ ಅಳತೆ, ಫೋಟೊ, ಮತ್ತು ಸಂಖ್ಯೆ ಹಾಕಿದ ಬೇಡಿಕೆಗಳು. “ರಸ್ತೆ ಸುರಕ್ಷಿತಗೊಳಿಸಿ” ಎಂದು ಬರೆದರೆ ಎಂಜಿನಿಯರ್‌ಗೆ ಅಂದಾಜು ಮಾಡಲು ಏನೂ ಸಿಗುವುದಿಲ್ಲ. “5ನೇ ಮೇನ್, 9ನೇ ಕ್ರಾಸ್ ಕೂಡುವಲ್ಲಿ, ಶಾಲೆಯ ಗೇಟಿನ ಮುಂದೆ, 7 ಮೀಟರ್ ಅಗಲದ ರಸ್ತೆಗೆ ಒಂದು ಎತ್ತರಿಸಿದ ಕ್ರಾಸಿಂಗ್” ಎಂದರೆ ಸಿಗುತ್ತದೆ.

ಎಣಿಕೆಯನ್ನು ಮಂಗಳವಾರದಿಂದ ಗುರುವಾರದವರೆಗೆ, ಹದಿನೈದು ಹದಿನೈದು ನಿಮಿಷದ ಸಾಲುಗಳಲ್ಲಿ ಬರೆದುಕೊಳ್ಳಿ. ಎರಡೂ ದಿಕ್ಕು ಬೇರೆ ಬೇರೆ. ಕಾಲ್ನಡಿಗೆ, ಸೈಕಲ್, ಸ್ಕೂಟರ್-ಬೈಕ್, ಆಟೊ-ಕಾರು, ದೊಡ್ಡ ವಾಹನ ಎಂದು ಐದು ಕಲಂ. ಮುಖ್ಯವಾದ ಮಾತು: ಬೆಳಿಗ್ಗೆ 8ಕ್ಕೆ ಎಣಿಕೆ ಶುರುಮಾಡಬೇಡಿ. ಪತ್ರಿಕೆ ಹಾಕುವವರು, ಹಾಲಿನವರು, ರಾತ್ರಿಪಾಳಿ ಮುಗಿಸಿದ ಸೆಕ್ಯುರಿಟಿಯವರು, ಹೂವು-ಸೊಪ್ಪು ತರುವವರು 5ರಿಂದ 7ರೊಳಗೆ ಹೋಗಿಬಿಟ್ಟಿರುತ್ತಾರೆ. 8ರ ನಂತರದ ಲೆಕ್ಕ ನೋಡಿ “ಇಲ್ಲಿ ಸೈಕಲ್ಲೇ ಇಲ್ಲವಲ್ಲ” ಎಂದು ಕಡತ ಮುಚ್ಚಿದ್ದುಂಟು. ಈ ನಗರದಲ್ಲಿ ಹೊಟ್ಟೆಪಾಡಿಗಾಗಿ ಸೈಕಲ್ ತುಳಿಯುವವರನ್ನು ಲೆಕ್ಕದಿಂದ ಬಿಡುವುದು ದೊಡ್ಡ ಅನ್ಯಾಯ.

ವೇಗ ಅಳೆಯಲು ಯಂತ್ರ ಬೇಡ. ರಸ್ತೆಯ ಅಂಚಿನಲ್ಲಿ ಸರಿಯಾಗಿ 25 ಮೀಟರ್ ಟೇಪ್ ಹಿಡಿದು ಎರಡು ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಫೋನಿನ ಸ್ಟಾಪ್‌ವಾಚ್‌ನಲ್ಲಿ ವಾಹನ ಈ ಗೆರೆಯಿಂದ ಆ ಗೆರೆಗೆ 3 ಸೆಕೆಂಡಿನಲ್ಲಿ ಹೋದರೆ ವೇಗ ಗಂಟೆಗೆ 30 ಕಿ.ಮೀ., 2.25 ಸೆಕೆಂಡಿನಲ್ಲಿ ಹೋದರೆ 40. ನೂರು ವಾಹನ ಅಳೆದು, ವೇಗದ ಪ್ರಕಾರ ಜೋಡಿಸಿ, ಕೆಳಗಿನಿಂದ 85ನೆಯದನ್ನು ಬರೆಯಿರಿ. ಎಂಜಿನಿಯರುಗಳು ಗಮನಿಸುವ ಅಂಕಿ ಅದೇ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಬಡಾವಣೆಯ ಸೈಕಲ್ ದಾರಿ ಎಂದರೆ ಎಲ್ಲ ಕಡೆ ಹಸಿರು ಲೇನ್ ಬಳಿಯುವುದೇ?

ಬೇಕಿಲ್ಲ. ಒಳರಸ್ತೆಯಲ್ಲಿ ವಾಹನಗಳ ವೇಗ 30ರ ಒಳಗಿದ್ದು, ಅಡ್ಡದಾರಿ ಹಿಡಿದು ನುಗ್ಗುವ ಕಾರು-ಟೆಂಪೊ ಕಡಿಮೆಯಾದರೆ ಸೈಕಲ್ಲಿಗೆ ಬೇರೆ ಲೇನ್ ಬೇಡ. ಅಲ್ಲಿ ಹಣ ಹೋಗಬೇಕಾದದ್ದು ಮೂಲೆಗಳಿಗೆ, ಕ್ರಾಸಿಂಗ್‌ಗಳಿಗೆ, ದೀಪಕ್ಕೆ, ದಾರಿ ತೋರುವ ಫಲಕಕ್ಕೆ. ಮಲ್ಲೇಶ್ವರ, ಬಸವನಗುಡಿ, ಜಯನಗರದಂಥ ಹಳೇ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನ್‌ಗಳಿವೆ. ಕಟ್ಟಡದ ಕಸ, ಹಳೇ ವಾಹನ ತುಂಬಿಕೊಂಡಿರುವ ಈ ಗಲ್ಲಿಗಳನ್ನು ತೆರವು ಮಾಡಿ ದೀಪ ಹಾಕಿದರೆ ಸಿದ್ಧ ದಾರಿ ಸಿಕ್ಕಂತೆ.

ಬಸ್ ಓಡುವ, ವೇಗ ಹೆಚ್ಚಿರುವ ರಸ್ತೆಯಲ್ಲಿ ಮಾತ್ರ ಕರ್ಬ್ ಕಲ್ಲಿನಿಂದ ಬೇರ್ಪಡಿಸಿದ ದಾರಿ ಬೇಕು. ಅಗಲ 2 ಮೀಟರ್‌ಗಿಂತ ಕಡಿಮೆ ಮಾಡಬೇಡಿ. ತುಳಿಯುವಾಗ ಸೈಕಲ್ ಎಡಕ್ಕೂ ಬಲಕ್ಕೂ ಓಲಾಡುತ್ತದೆ, ಒಬ್ಬರಿಗೇ ಸುಮಾರು 1 ಮೀಟರ್ ಬೇಕು. ಹಿಂದಿನವರು ದಾಟಲು ಜಾಗವಿಲ್ಲದಿದ್ದರೆ ಅವರು ರಸ್ತೆಗೆ ಇಳಿಯುತ್ತಾರೆ, ಆಗ ದಾರಿ ಕಟ್ಟಿದ್ದೇ ವ್ಯರ್ಥ.

ಹಂಪ್ ಹಾಕಿಸಿದರೆ ಸಾಲದೇ?

ಸಾಲುತ್ತದೆ, ಸರಿಯಾದ ಹಂಪ್ ಆದರೆ. ಒಂದು ತಳ್ಳುಗಾಡಿ ಡಾಂಬರು ಸುರಿದು ಮಾಡುವ ಅರ್ಧ ಮೀಟರ್ ಅಗಲದ ಗುಡ್ಡೆ ಬೆನ್ನು ಮುರಿಯುತ್ತದೆ, ಸೈಕಲ್ ಸವಾರರನ್ನು ಬೀಳಿಸುತ್ತದೆ, ಅದರ ಪಕ್ಕದ ಸಂದಿಯಲ್ಲಿ ಬೈಕುಗಳು ನುಸುಳುತ್ತವೆ. ರಸ್ತೆ ಕಟ್ಟುವ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) 99ನೇ ಸಂಹಿತೆಯ ಅಳತೆ ಹೀಗಿದೆ: ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀ., ನಡುವೆ ಎತ್ತರ 10 ಸೆಂ.ಮೀ., ಬಾಗಿನ ತ್ರಿಜ್ಯ 17 ಮೀ. ಇದರ ಮೇಲೆ 25 ಕಿ.ಮೀ. ವೇಗದಲ್ಲಿ ಹೋದರೆ ಆರಾಮ, 40ರಲ್ಲಿ ಹೋದರೆ ಸೀಟು ಬಿಟ್ಟೇಳುತ್ತಾರೆ. ಸಾಲಾಗಿ ಹಾಕುವುದಾದರೆ 100ರಿಂದ 120 ಮೀಟರ್‌ಗೊಂದು. ಎಚ್ಚರಿಕೆ ಫಲಕ 40 ಮೀಟರ್ ಮೊದಲೇ ಇರಬೇಕು.

ಶಾಲೆ, ಉದ್ಯಾನ, ಬಸ್ ನಿಲ್ದಾಣದ ಮುಂದೆ ಹಂಪ್‌ಗಿಂತ ಎತ್ತರಿಸಿದ ಕ್ರಾಸಿಂಗ್ ಕೇಳುವುದು ಒಳ್ಳೆಯದು. ಲೆಕ್ಕ ಇಲ್ಲಿದೆ. ಮೇಲೆ ಸಮತಟ್ಟು 3 ಮೀ., ಎರಡೂ ಬದಿ 1.5 ಮೀ. ಇಳಿಜಾರು, ಎತ್ತರ 10 ಸೆಂ.ಮೀ., ರಸ್ತೆ ಅಗಲ 7 ಮೀ. ಅಡ್ಡಕೊಯ್ತದ ವಿಸ್ತೀರ್ಣ 0.30 ಮತ್ತು 0.15 ಸೇರಿ 0.45 ಚದರ ಮೀಟರ್. 7ರಿಂದ ಗುಣಿಸಿದರೆ 3.15 ಘನ ಮೀಟರ್ ಕಾಂಕ್ರೀಟ್. ಕೆಲಸ ಅಷ್ಟೇ. ಎಂಜಿನಿಯರ್ ಇದನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯೊಂದಿಗೆ ಗುಣಿಸಿದರೆ ಮೊತ್ತ ಬರುತ್ತದೆ, ನಿಮ್ಮ ಮನವಿಯಲ್ಲೇ ಪರಿಮಾಣ ಬರೆದುಕೊಟ್ಟರೆ ಅವರ ಅರ್ಧ ಕೆಲಸ ಮುಗಿದಿರುತ್ತದೆ.

ಇಲ್ಲಿ ಕೆಡುವುದು ನೀರಿನಿಂದ. ಎತ್ತರಿಸಿದ ಭಾಗ ಫುಟ್‌ಪಾತ್‌ಗೆ ತಾಗಿದರೆ ಅಂಚಿನಲ್ಲಿ ಹರಿಯುವ ಮಳೆನೀರು ಕಟ್ಟಿಕೊಳ್ಳುತ್ತದೆ. ಒಂದು ಮಳೆಗೆ ಮನೆ ಮುಂದೆ ನೀರು ನಿಂತರೆ ಮರುದಿನವೇ ಒಡೆದುಹಾಕಿ ಎಂಬ ದೂರು ಹೋಗುತ್ತದೆ. ನೀರು ಹರಿದುಬರುವ ಮೇಲ್ಗಡೆ ಒಂದು ನೀರಿಳಿಗುಂಡಿ, ಅಥವಾ ಅಂಚಿನಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಕಾಲುವೆ ಅಂದಾಜಿನಲ್ಲೇ ಇರಲಿ. ಜಾಲರಿಯ ಸರಳುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದುದ್ದ ಕೂರಿಸಿದರೆ 3 ಸೆಂ.ಮೀ. ಅಗಲದ ಟೈರು ಸಂದಿಗೆ ಇಳಿದು ಸವಾರರು ಮುಂದಕ್ಕೆ ಎಸೆಯಲ್ಪಡುತ್ತಾರೆ.

ಅಂದಾಜುಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಾಲುಗಳು ಯಾವುವು?

ಮೊದಲನೆಯದು ಹಳೇ ಡಾಂಬರು ಕೆರೆದು ತೆಗೆಯುವುದು. ಕರ್ಬ್ ಎತ್ತರ 15 ಸೆಂ.ಮೀ. ಇದ್ದಲ್ಲಿ ಕೆರೆಯದೆ 4 ಸೆಂ.ಮೀ. ಪದರವನ್ನು ಮೂರು ಸಲ ಹಾಕಿದರೆ ಉಳಿಯುವುದು 3 ಸೆಂ.ಮೀ. ಬೈಕುಗಳಿಗೆ ಫುಟ್‌ಪಾತ್ ಹತ್ತುವುದು ಸಲೀಸು, ಮಳೆನೀರಿಗೆ ಗೇಟಿನೊಳಗೆ ನುಗ್ಗುವುದೂ ಸಲೀಸು. ಎರಡನೆಯದು ಚೇಂಬರ್ ಮುಚ್ಚಳಗಳನ್ನು ಹೊಸ ಮಟ್ಟಕ್ಕೆ ಏರಿಸುವುದು. ಇದನ್ನು ಬಿಟ್ಟರೆ ರಸ್ತೆ ನುಣುಪಾಗಿದ್ದರೂ ಸೈಕಲ್ ಹೋಗುವ ಎಡ ಅಂಚಿನಲ್ಲೇ ಸಾಲುಗುಂಡಿ. ಇನ್ನು ಒಡೆದ ಚಪ್ಪಡಿ ಬದಲಿಸುವುದು, ಫುಟ್‌ಪಾತ್ ಕೊನೆಯಲ್ಲಿ 1:12 ಇಳಿಜಾರಿನ ರ‍್ಯಾಂಪ್, ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡುವುದು, ಟ್ರಾನ್ಸ್‌ಫಾರ್ಮರ್ ಅಥವಾ ಕಂಬ ಸ್ಥಳಾಂತರಕ್ಕೆ ಬೆಸ್ಕಾಂಗೆ ಕಟ್ಟಬೇಕಾದ ಹಣ. ಈ ಕೊನೆಯದು ಇಲ್ಲದೆ ಫುಟ್‌ಪಾತ್ ಕಂಬದ ಎರಡೂ ಕಡೆ ಚೆನ್ನಾಗಿ ಮುಗಿದು ನಡುವೆ ಯಾರೂ ದಾಟಲಾಗದೆ ಉಳಿಯುತ್ತದೆ. ಐಆರ್‌ಸಿ 103ರ ಪ್ರಕಾರ ನಡೆಯಲು ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀ., ತಲೆಯ ಮೇಲೆ 2.2 ಮೀ. ಖಾಲಿ ಇರಬೇಕು.

ರಸ್ತೆ ಅಗೆತದ ಮಾತೂ ಇಲ್ಲೇ. ಕೆಲಸಕ್ಕೆ ಮುಂಚೆ ಜಲಮಂಡಳಿ, ಬೆಸ್ಕಾಂ, ಗ್ಯಾಸ್, ಕೇಬಲ್‌ನವರ ಯಾವ ಕೆಲಸ ಬಾಕಿ ಇದೆ ಎಂದು ಬರವಣಿಗೆಯಲ್ಲಿ ಕೇಳಿಸಿ. ಅಡ್ಡಲಾಗಿ ಎರಡು ಖಾಲಿ ಪೈಪ್ ಹೂತಿಟ್ಟರೆ ಮುಂದೆ ಕೇಬಲ್‌ಗಾಗಿ ಅಗೆಯುವುದು ತಪ್ಪುತ್ತದೆ. ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಯಂಥ ಕಡೆ, ನೆಲದಡಿಯ ಕೆಲಸವನ್ನು ಮೊದಲು ಮುಗಿಸಿ ಆಮೇಲೆ ಮೇಲಿನದು ಕಟ್ಟಿದ್ದರಿಂದಲೇ ಅವುಗಳ ಫುಟ್‌ಪಾತ್ ಬಾಳಿದ್ದು.

ಹಿಂದೆ ಮಾಡಿದ ಸೈಕಲ್ ಲೇನ್‌ಗಳು ಯಾಕೆ ಉಳಿಯಲಿಲ್ಲ?

ಜಯನಗರದಲ್ಲಿ 2010ರ ದಶಕದ ಆರಂಭದಲ್ಲಿ ಮಾಡಿದ ಲೇನ್‌ಗಳನ್ನು ನಿಲ್ಲಿಸಿದ ಕಾರುಗಳು ನುಂಗಿದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ತಾತ್ಕಾಲಿಕ ಲೇನ್ ಮಾಡಿದರು. ಕಂಬಗಳು ಮುರಿದವು, ಮೆಟ್ರೊ ಕಾಮಗಾರಿಗೆ ಜಾಗವೂ ಹೋಯಿತು. ಎರಡರಿಂದಲೂ ಕಲಿಯಬೇಕಾದ್ದು ಇದೆ. ಪಾರ್ಕಿಂಗ್ ಎಲ್ಲಿಗೆ ಹೋಗಬೇಕು ಎಂದು ಮೊದಲೇ ತೀರ್ಮಾನಿಸದೆ ಲೇನ್ ಎಳೆಯಬಾರದು. ಮುರಿದದ್ದನ್ನು ಬದಲಿಸಲು ಮೊದಲ ದಿನದಿಂದಲೇ ನಿರ್ವಹಣೆಯ ಹಣ ಇರಬೇಕು. ತಾತ್ಕಾಲಿಕ ಲೇನ್ ತಪ್ಪಲ್ಲ, ಆದರೆ ಅದನ್ನು ಕಾಯಂ ಮಾಡುವ ದಿನಾಂಕವೂ ಹಣವೂ ಆದೇಶದಲ್ಲೇ ಬರೆದಿರಬೇಕು.

ಸ್ಕೂಟರ್ ಹತ್ತದಂತೆ ಫುಟ್‌ಪಾತ್‌ಗೆ ಬೊಲ್ಲಾರ್ಡ್ ಹಾಕಿಸಬಹುದೇ?

ಕಾರು, ಆಟೊ ತಡೆಯಬಹುದು. ಅದಕ್ಕೆ ಕಂಬಗಳ ನಡುವೆ 1.2 ಮೀ. ಬಿಟ್ಟರೆ ಸಾಕು. ಸ್ಕೂಟರ್ ತಡೆಯಲಾಗುವುದಿಲ್ಲ. ಗಾಲಿಕುರ್ಚಿ ತೂರುವ ಯಾವ ಸಂದಿಯಲ್ಲೂ ಸ್ಕೂಟರ್ ತೂರುತ್ತದೆ. ಸಂದಿ ಕಿರಿದು ಮಾಡಿದರೆ ಗಾಲಿಕುರ್ಚಿಯವರನ್ನೂ ಮಗುವಿನ ತಳ್ಳುಗಾಡಿಯನ್ನೂ ಹೊರಗಿಟ್ಟಂತೆ, ಅದು ಬೇಡವೇ ಬೇಡ. ರಸ್ತೆಯಲ್ಲಿ ದಟ್ಟಣೆ ಆಗುವ ಹೊತ್ತಿಗೆ ಅಲ್ಲೊಬ್ಬ ಪೊಲೀಸ್ ನಿಲ್ಲುವಂತೆ ಠಾಣೆಗೆ ಸಮಯ ಸಹಿತ ಬರೆಯುವುದೇ ದಾರಿ.

ಅಂಗಡಿಯವರು, ಬೀದಿ ವ್ಯಾಪಾರಿಗಳು ವಿರೋಧಿಸಿದರೆ?

ಟೆಂಡರ್‌ಗೆ ಮುಂಚೆ ಅವರ ಹತ್ತಿರ ಹೋಗಿ. ಸಾಮಾನು ಇಳಿಸುವ ಹೊತ್ತು ಯಾವುದು, ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ ನಕ್ಷೆಯಲ್ಲಿ ಆ ಜಾಗ ಗುರುತಿಸಿದರೆ ಅರ್ಧ ವಿರೋಧ ಕರಗುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆ ಇದೆ, ಎಬ್ಬಿಸಿ ಓಡಿಸುವ ಯೋಜನೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಸಂಜೆ ಏಳರ ಮೇಲೆ ಸೊಪ್ಪಿನ ಗಾಡಿ, ಇಡ್ಲಿ ಗಾಡಿ ಇರುವ ರಸ್ತೆಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ. ಮರಗಳ ಸಾಲಿನ ನಡುವಿನ ಪಟ್ಟಿಯಲ್ಲಿ ಅವರಿಗೆ ಜಾಗ ಬಿಟ್ಟು, ನಡೆಯುವ 1.8 ಮೀಟರ್ ಕಾಪಾಡಿಕೊಳ್ಳಿ.

ಕಾನೂನಿನ ಬೆಂಬಲ ಏನಿದೆ?

ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಪ್ರಕಾರ, ನಿಗದಿತ ಮಾನದಂಡ ಮೀರಿ ರಸ್ತೆ ಕಟ್ಟಿದ್ದರಿಂದ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರ ಸಂಸ್ಥೆಗೆ, ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಮನವಿಯಲ್ಲಿ ಐಆರ್‌ಸಿ ಸಂಹಿತೆಯ ಸಂಖ್ಯೆ ಬರೆಯುವುದು ಇದಕ್ಕಾಗಿಯೇ. ನಡಿಗೆ ಮತ್ತು ಸೈಕಲ್ಲಿಗೆಂದೇ ನಗರ ಭೂಸಾರಿಗೆ ನಿರ್ದೇಶನಾಲಯ ಸಕ್ರಿಯ ಸಂಚಾರ ಮಸೂದೆಯ ಕರಡನ್ನು ಪ್ರಕಟಿಸಿತ್ತು, ಅದರ ವಾದಗಳನ್ನು ಮನವಿಯಲ್ಲಿ ಬಳಸಿಕೊಳ್ಳಬಹುದು.

ಬೆಂಗಳೂರಿನ ಹೊರಗೆ?

ಹಣದ ಚಕ್ರ ಅದೇ, ಕಚೇರಿ ಹತ್ತಿರ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಶುರುವಾಯಿತು. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಂಡೆಗುಂಟ ಸೈಕಲ್ ಮತ್ತು ನಡಿಗೆಯ ಹಸಿರು ಪಥ ಹೊರಗಿನ ನೆರವಿನ ಯೋಜನೆಯಲ್ಲಿ ರೂಪುಗೊಂಡಿತು. ಸಣ್ಣ ಊರುಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ದಾರಿಯಿಂದ ಆರಂಭಿಸಿ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಟ್ಟಿತು. ಶಾಲೆಗೆ ಹೋಗುವ ರಸ್ತೆಯನ್ನು ಆ ಸೈಕಲ್ಲಿಗೆ ತಕ್ಕಂತೆ ಮಾಡುವ ಕೆಲಸ ಬಾಕಿಯೇ ಇದೆ.

ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ನೋಡುವುದು ಹೇಗೆ?

ಕಾರ್ಯಾದೇಶ, ಅಂದಾಜುಪಟ್ಟಿ, ನಕ್ಷೆಯ ಪ್ರತಿ ಮೊದಲು ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದ ಮೀರಬಾರದು (ಕರ್ನಾಟಕದ ನಿಯಮ ಇದು, ಇಲ್ಲಿ ಎಡವಿ ಎಷ್ಟೋ ಅರ್ಜಿ ತಿರಸ್ಕೃತವಾಗುತ್ತವೆ). ಜಾಬ್ ಕೋಡ್ (ಕಾಮಗಾರಿಯ ಗುರುತು ಸಂಖ್ಯೆ) ಬರೆದು, ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ (ಆದ ಕೆಲಸದ ಅಳತೆ ದಾಖಲಿಸುವ ಪುಸ್ತಕ) ಪ್ರತಿ ಎಂದಷ್ಟೇ ಕೇಳಿ. ಉತ್ತರಕ್ಕೆ 30 ದಿನ. ಕಾಮಗಾರಿಯನ್ನು ಖುದ್ದು ಪರಿಶೀಲಿಸುವುದೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದೂ ಆ ಕಾಯ್ದೆಯೇ ಕೊಟ್ಟ ಹಕ್ಕು.

ಕಾಂಕ್ರೀಟ್ ಸುರಿಯುವ ಮುನ್ನ ಹಲಗೆಯ ಎತ್ತರ ಟೇಪಿನಲ್ಲಿ ಅಳೆಯಿರಿ, ಆಮೇಲೆ ಒಡೆಸುವುದು ಯಾರಿಗೂ ಆಗದು. ಬಿಳಿಪಟ್ಟೆ ಕರಗಿಸಿ ಹಾಕುವ ಥರ್ಮೊಪ್ಲಾಸ್ಟಿಕ್‌ನದೇ ಎಂದು ನೋಡಿ, ದಪ್ಪ 2.5 ಮಿ.ಮೀ. ಇರಬೇಕು, ಬೆರಳು ಸವರಿದರೆ ಅಂಚು ತಾಗಬೇಕು. ಬರೇ ಪೇಂಟ್ ಬಹಳ ಕಾಲ ನಿಲ್ಲುವುದಿಲ್ಲ. ಮೊದಲ ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ ನೀರು ನಿಂತ ಜಾಗಗಳ ಫೋಟೊ ತೆಗೆಯಿರಿ. ಗುತ್ತಿಗೆದಾರನ ದೋಷ ಹೊಣೆ ಅವಧಿ (ಕೆಟ್ಟದ್ದನ್ನು ಅವನೇ ಸರಿಪಡಿಸಿಕೊಡಬೇಕಾದ ಅವಧಿ) ಯಾವ ದಿನ ಮುಗಿಯುತ್ತದೆ ಎಂದು ಕಾರ್ಯಾದೇಶದಿಂದ ಬರೆದಿಟ್ಟುಕೊಂಡು, ಅದಕ್ಕೆ ಎರಡು ತಿಂಗಳು ಮುಂಚೆ ಇನ್ನೊಮ್ಮೆ ಇಡೀ ದಾರಿ ನಡೆದು, ದೋಷಗಳ ಪಟ್ಟಿಯನ್ನು ಕಾರ್ಯಪಾಲಕ ಎಂಜಿನಿಯರ್‌ಗೆ ಸ್ವೀಕೃತಿ ಸಹಿತ ಕೊಡಿ. ಆ ದಿನಾಂಕ ದಾಟಿದರೆ ಅದೇ ದುರಸ್ತಿಗೆ ಪಾಲಿಕೆ ಹೊಸದಾಗಿ ಹಣ ಹುಡುಕಬೇಕಾಗುತ್ತದೆ.